ಹೆರಿಗೆ ಕೋಣೆಯ ಮೂರು ಕಿಟಕಿ

ಕಿಟಕಿಯ ಸಂದಿನಿಂದ ನೊರೆಯನ್ನು ಚಾಕುವಿನಲ್ಲಿ ಕೆತ್ತಿ ತೆಗೆಯುತ್ತಿದ್ದೆ. ಪಟ್ಟಣದವರು ಡಬ್ಬಿಯಿಂದ ಹಾರಿಸಿ ತುಂಬಿದ್ದ ಆ ನೊರೆ ಆಗಲೇ ಹಳದಿಗೆ ತಿರುಗಿ, ಹಳೆಯ ರೊಟ್ಟಿಯಂತೆ ಪುಡಿಪುಡಿಯಾಗಿ ನನ್ನ ತಲೆವಸ್ತ್ರದ ಮೇಲೆ, ತೋಳಿನ ಮೇಲೆ, ಒಮ್ಮೊಮ್ಮೆ ಬಾಯೊಳಗೂ ಬೀಳುತ್ತಿತ್ತು. ಎಡಗಡೆ ಮುಗಿದಿತ್ತು. ಸ್ಟೂಲನ್ನು ಬಲಗಡೆಗೆ ಎಳೆಯುತ್ತಿರುವಾಗ ಸಾಕಿಶ್ ಬಾಗಿಲಿಗೆ ಬಂದು ನಿಂತಳು.

“ಹೊಸ ಕಿಟಕಿ ಹಾಕ್ಸಿ ಇನ್ನೂ ಒಂದು ಮಳೆ ಕೂಡ ಬಿದ್ದಿಲ್ಲ, ಆಗ್ಲೇ ಕೀಳೋಕೆ ಶುರು ಮಾಡಿದ್ಯಾ ಬುರುಲ್?”

“ಕಿಟಕಿ ಕೀಳ್ತಿಲ್ಲ. ಕಿಟಕಿ ಸುತ್ತ ತುಂಬಿರೋ ಸುಳ್ಳನ್ನ ಕೀಳ್ತಿದೀನಿ.”

“ಮಾತೇನೋ ಚೆನ್ನಾಗಿದೆ. ಮಾತಿಂದ ಕೋಣೆ ಬೆಚ್ಚಗಾಗೋ ಹಾಗಿದ್ರೆ ನಾನೊಬ್ಳೇ ಸಾಕಾಗಿತ್ತು.”

ಅದೂ ನಿಜವೇ. ಸಾಕಿಶ್ ನನ್ನ ಪಕ್ಕದ ಮನೆಯವಳು. ಇಬ್ಬರೂ ಒಂದೇ ಶರತ್ಕಾಲದಲ್ಲಿ ಈ ಊರಿಗೆ ಸೊಸೆಯರಾಗಿ ಬಂದವರು. ಅಂದಿನಿಂದ ಇಂದಿನವರೆಗೆ ಅವಳ ನಾಲಿಗೆಗೆ ಚಳಿಗಾಲವೆಂಬುದೇ ಬಂದಿಲ್ಲ. ಆದರೆ ಆ ದಿನ ಅವಳು ಸುಮ್ಮನೆ ಕೆಣಕಲು ಬಂದಿರಲಿಲ್ಲ. ಅವಳ ಸೊಸೆ ಐಚುರೆಕ್ ಬಸುರಿ. ಚಳಿಯ ನಟ್ಟನಡುವೆ, ಘಾಟಿ ಮುಚ್ಚಿ ಹಾದಿಯೇ ಇಲ್ಲದ ಹೊತ್ತಿಗೆ ಹೆರಿಗೆ. ಈ ಕೋಣೆ ಸರಿಹೋದರೆ ಇಲ್ಲಿ. ಇಲ್ಲವಾದರೆ ಹಿಮ ಬೀಳುವ ಮೊದಲೇ ಅವಳನ್ನು ಘಾಟಿ ದಾಟಿಸಿ ನರೀನ್ ಪಟ್ಟಣದಲ್ಲಿ ಯಾರದೋ ಮನೆಯಲ್ಲಿ ಬಿಟ್ಟು ಬರಬೇಕು. ಹೋದ ಚಳಿಗಾಲ ಕುರಿಗಾಹಿ ತೋಕೋನ ಹೆಂಡತಿ ಹಾಗೆ ಮೊದಲೇ ಹೋಗಲಿಲ್ಲ. ನೋವು ಬಂದ ಮೇಲೆ ಲಾರಿ ಹತ್ತಿಸಿದರು. ಘಾಟಿಯ ತುದಿಯಲ್ಲಿ ಲಾರಿ ಹಿಮದಲ್ಲಿ ಸಿಕ್ಕಿಬಿತ್ತು. ತಾಯಿ ತಿರುಗಿ ಬಂದಳು, ಕೂಸು ಬರಲಿಲ್ಲ.

ಅವಳು ಊರಲ್ಲೇ ಯಾಕೆ ಹೆರಲಿಲ್ಲ ಎಂದರೆ, ಊರಿನಲ್ಲಿ ಆಗ ಅನೀಪಾ ಇರಲಿಲ್ಲ. ಅನೀಪಾ ನಮ್ಮ ಪುಟ್ಟ ಆಸ್ಪತ್ರೆಯ ಸೂಲಗಿತ್ತಿ ನರ್ಸು. ಹೆರಿಗೆ ಕೋಣೆಯ ಮರದ ಕಿಟಕಿಗಳು ಕೊಳೆತು, ಎಷ್ಟು ಒಲೆ ಉರಿಸಿದರೂ ಬೋಗುಣಿಯ ನೀರಿನ ಮೇಲೆ ಬೆಳಗಾಗುವಷ್ಟರಲ್ಲಿ ಮಂಜುಗಡ್ಡೆಯ ಕೆನೆ ಕಟ್ಟುತ್ತಿತ್ತು. ಮೂರು ಚಳಿಗಾಲ ತಡೆದುಕೊಂಡಳು. ಕೊನೆಗೊಂದು ದಿನ ಆ ಕೆನೆಯನ್ನು ಬೆರಳಿನಲ್ಲಿ ಎತ್ತಿ ನನಗೆ ತೋರಿಸಿದಳು.

“ಇದ್ರಲ್ಲಿ ಕೂಸು ತೊಳೀಲಾ ಬುರುಲಕ್ಕ? ನನ್ನ ಕೈಯಲ್ಲಿ ಆಗಲ್ಲ. ಅಕ್ಕನ ಮನೆಗೆ ಪಟ್ಟಣಕ್ಕೆ ಹೋಗ್ತೀನಿ. ಕೋಣೆ ಬೆಚ್ಚಗಾದ ದಿನ ನೀವು ಕಾಗದ ಬರೀರಿ, ಬರ್ತೀನಿ. ಫೋನ್ ಮಾಡ್ಬೇಡಿ. ಫೋನಲ್ಲಿ ಎಲ್ರೂ ಎಲ್ಲಾ ಚೆನ್ನಾಗಿದೆ ಅಂತಾನೇ ಅಂತಾರೆ. ನೀವು ಬರೆದ್ರೆ ನಂಬ್ತೀನಿ.”

ಆ ಮಾತು ನನಗೆ ಭಾರವಾಗಿಯೇ ಕೂತಿತು. ಅಕ್ಷರ ನನಗೆ ತಡವಾಗಿ ಸಿಕ್ಕಿದ್ದು. ಪಟ್ಟಣದಲ್ಲಿ ಗಾರೆ ತಂಡದಲ್ಲಿದ್ದಾಗ ಹಗಲೆಲ್ಲ ಗೋಡೆ ಮೆತ್ತಿ, ಸಂಜೆ ಉಗುರಿನ ಸುಣ್ಣ ತೊಳೆಯದೆಯೇ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಕಲಿತದ್ದು. ಕಷ್ಟಪಟ್ಟು ಕಲಿತದ್ದರಲ್ಲಿ ಸುಳ್ಳು ಬರೆಯಲು ಮನಸ್ಸು ಬಾರದು. ಜೂನ್ ತಿಂಗಳಲ್ಲೇ ಅನೀಪಾಳಿಗೆ ಕಾಗದ ಬರೆದಿದ್ದೆ: ಯಾರ ಮಗಳಿಗೆ ಮದುವೆ, ಯಾರ ಕುದುರೆ ಮರಿ ಹಾಕಿತು, ಯಾರು ಅವಳನ್ನು ಕೇಳಿದರು, ಎಲ್ಲವನ್ನೂ. ನಡುವೆ ಒಂದು ಸಾಲಿನ ಜಾಗ ಮಾತ್ರ ಖಾಲಿ. ಕೋಣೆಯ ಸುದ್ದಿ ಅಲ್ಲಿ ಬರಬೇಕಿತ್ತು. ಕಾಗದ ಕನ್ನಡಿಯ ಹಿಂದೆ ಕಾಯುತ್ತ ಕೂತಿತು.

ಕಿಟಕಿಗಳು ಬರಲು ಆಗಸ್ಟ್ ಆಯಿತು. ಪಟ್ಟಣದ ಇಬ್ಬರು ಬಂದು ಹಳೆಯ ಮರದ ಚೌಕಟ್ಟುಗಳನ್ನು ಕಿತ್ತರು, ಬಿಳೀ ಪ್ಲಾಸ್ಟಿಕ್ಕಿನ ಹೊಸವನ್ನು ಇಟ್ಟರು, ನೊರೆ ಹಾರಿಸಿದರು, ಚಹಾ ಕುಡಿದು ಹೋದರು. ನಮ್ಮದು ಹಸಿ ಇಟ್ಟಿಗೆಯ ಮಣ್ಣುಗೋಡೆ. ಹಳೆಯದನ್ನು ಕೀಳುವಾಗ ಅಂಚು ಉದುರಿ, ಹೊಸ ಚೌಕಟ್ಟಿನ ಒಂದು ಪಕ್ಕ ಬೆರಳಗಲ, ಇನ್ನೊಂದು ಪಕ್ಕ ಅಂಗೈ ಅಗಲ ಸಂದು ಬಿದ್ದಿತ್ತು. ಅವರು ಧೂಳು ಗುಡಿಸಲಿಲ್ಲ, ಗೋಡೆಗೆ ನೀರು ತೋರಿಸಲಿಲ್ಲ. ನೊರೆ ಹಿಡಿದುಕೊಂಡದ್ದು ಧೂಳನ್ನು. ಗೋಡೆಯನ್ನು ಮುಟ್ಟಲೇ ಇಲ್ಲ. ಮೊದಲ ಇಬ್ಬನಿಗೇ ಅದು ಬಿಟ್ಟುಕೊಂಡಿತು. ಕಿಟಕಿ ಹಲಗೆಯ ಕೆಳಗಂತೂ ಏನನ್ನೂ ತುಂಬಿರಲಿಲ್ಲ. ಕೈ ತೂರಿಸಿದರೆ ಹೊರಗಿನ ಹುಲ್ಲು ಸಿಗುತ್ತಿತ್ತು.

“ಅವ್ರನ್ನೇ ಮತ್ತೆ ಕರ್ಸೋದಪ್ಪ,” ಎಂದಳು ಸಾಕಿಶ್.

“ಕರ್ಸಿದ್ರೆ ಮುಂದಿನ ಬೇಸಿಗೆಗೆ ಬರ್ತಾರೆ. ಘಾಟಿ ಮುಚ್ಚೋಷ್ಟರಲ್ಲಿ ಕಾಗದ ಬರ್ಲಿಲ್ಲ ಅಂದ್ರೆ ಅನೀಪಾ ಪಟ್ಟಣದಲ್ಲೇ ಕೆಲಸ ಒಪ್ಕೋತಾಳೆ. ನಿನ್ನ ಸೊಸೆ ಕೂಸು ಮುಂದಿನ ಬೇಸಿಗೆವರೆಗೂ ಕಾಯುತ್ತೆ ಅನ್ನೋದಾದ್ರೆ ಹೇಳು, ನಾನೂ ಕಾಯ್ತೀನಿ.”

ಸಾಕಿಶ್ ಮೂಗು ಮುರಿದಳು. ಆದರೆ ಹೊರಡುವಾಗ ಬಾಗಿಲ ಬಳಿ ಬಿದ್ದಿದ್ದ ನೊರೆಯ ಚೂರನ್ನೆಲ್ಲ ಗುಡಿಸಿ ತನ್ನ ಮಡಿಲಲ್ಲೇ ಹೊತ್ತುಕೊಂಡು ಹೋದಳು.

ಮಾರನೆಯ ದಿನದಿಂದ ಐಚುರೆಕ್ ನನ್ನ ಜೊತೆ ಬಂದು ಕೂತಳು. ಸ್ಟೂಲು ಹತ್ತಬಾರದು, ಭಾರ ಎತ್ತಬಾರದು, ತಣ್ಣೀರು ಮುಟ್ಟಬಾರದು ಎಂದು ಅತ್ತೆಯ ಅಪ್ಪಣೆಯಾಗಿತ್ತು. ಹಾಗಾಗಿ ಮೂಲೆಯಲ್ಲಿ ಕಂಬಳಿಯ ಮೇಲೆ ಕೂತು ಕುರಿಯ ಉಣ್ಣೆ ಬಿಡಿಸಿ ಕೊಡುತ್ತಿದ್ದಳು. ನಾನು ಕುಂಚದಿಂದ ಸಂದಿನ ಧೂಳು ಗುಡಿಸಿ, ಗೋಡೆ ಕಪ್ಪಾಗುವವರೆಗೆ ನೀರು ಚಿಮುಕಿಸಿದೆ. ಅಂಗೈ ಅಗಲದ ಕಡೆಗೆ ಮೊದಲು ಇಟ್ಟಿಗೆಯ ಚೂರುಗಳನ್ನು ಮಣ್ಣಿನಲ್ಲಿ ಕೂರಿಸಿ, ಹೆಬ್ಬೆರಳಗಲ ಮಾತ್ರ ಉಳಿಸಿದೆ. ನೊರೆಯ ಸ್ವಭಾವ ಹಸಿದವನ ಹಾಗೆ; ಒಂದೇ ಸಲ ತುಂಬಿದರೆ ಊದಿ ಊದಿ ಚೌಕಟ್ಟನ್ನೇ ಒಳಕ್ಕೆ ತಳ್ಳುತ್ತದೆ, ಆಮೇಲೆ ಕದ ಹಾಕಲು ಬರುವುದಿಲ್ಲ. ಅದಕ್ಕೇ ಚೌಕಟ್ಟಿನ ನಡುವೆ ಅಡ್ಡಗೋಲು ಕೊಟ್ಟು, ಅರ್ಧ ತುಂಬಿ, ಒಣಗಲು ಬಿಟ್ಟು, ಮತ್ತರ್ಧ ತುಂಬಿದೆ.

ಹೊಸ ನೊರೆಯ ಡಬ್ಬಿಗಳನ್ನು ತಂದುಕೊಟ್ಟವನು ಟಪಾಲು ಲಾರಿಯ ಒಮುರ್. ತಣ್ಣಗಾದರೆ ಅವುಗಳಿಂದ ನೊರೆ ಏಳುವುದಿಲ್ಲ. ಆದ್ದರಿಂದ ರಾತ್ರಿ ನನ್ನ ಹೊದಿಕೆಯೊಳಗೇ ಇಟ್ಟುಕೊಳ್ಳುತ್ತಿದ್ದೆ. ಬೆಳಗ್ಗೆ ಹಾಲು ಕೊಡಲು ಬಂದ ಸಾಕಿಶ್ ಅದನ್ನು ಕಂಡುಬಿಟ್ಟಳು.

“ಅಯ್ಯೋ ಬುರುಲ್! ಗಂಡ ತೀರ್ಕೊಂಡು ಇಷ್ಟು ವರ್ಷ ಮರ್ಯಾದೆಯಾಗಿ ಇದ್ದು, ಈಗ ಡಬ್ಬಿಗಳ ಜೊತೆ ಮಲಗ್ತೀಯಾ? ಅದೂ ನಾಲ್ಕು ನಾಲ್ಕು!”

“ಗೊರಕೆ ಹೊಡಿಯಲ್ಲ, ಸಾಕಿಶ್. ಅಷ್ಟು ಸಾಕು ನಂಗೆ.”

ಐಚುರೆಕ್ ಅತ್ತೆಯ ಮುಂದೆ ನಗಬಾರದೆಂದು ಉಣ್ಣೆಯನ್ನು ಬಾಯಿಗೆ ಒತ್ತಿಕೊಂಡಳು.

ನೊರೆ ಗಟ್ಟಿಯಾದ ಮೇಲೆ ಹೆಚ್ಚಾದದ್ದನ್ನು ಕೊಯ್ದು, ಮಣ್ಣು, ಕೊಚ್ಚಿದ ಹುಲ್ಲು, ಉಣ್ಣೆ ಸೇರಿಸಿ ತುಳಿದು ಹದ ಮಾಡಿದ ಗಾರೆಯನ್ನು ಒಳಗೂ ಹೊರಗೂ ಮೆತ್ತಿದೆ. ಕರಣೆ ಹಿಡಿದ ಕೂಡಲೇ ಕೈಗೆ ಹಳೆಯ ಪ್ರಾಯ ಮರಳಿ ಬಂತು. ಆದರೆ ಪ್ಲಾಸ್ಟಿಕ್ಕು ನಾನು ಬಲ್ಲ ಮರದಂತಲ್ಲ. ಹಗಲು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಮಣ್ಣು ಇದ್ದಲ್ಲೇ ಇರುತ್ತದೆ. ಎರಡೇ ರಾತ್ರಿಗೆ ಎರಡರ ನಡುವೆ ಕೂದಲೆಳೆಯ ಬಿರುಕು ಓಡಿತ್ತು. ಮೂರು ಕಿಟಕಿಗೂ. ಗಾರೆಯ ಅಂಚನ್ನೆಲ್ಲ ಚಾಕುವಿನಲ್ಲಿ ಹಿಮ್ಮೆಟ್ಟಿಸಿ, ಆ ಗೀರಿನಲ್ಲಿ ರಬ್ಬರಿನಂತೆ ಬಗ್ಗುವ ಸಿಲಿಕೋನ್ ಹಿಂಡಿ, ಸಾಬೂನು ನೀರಿನಲ್ಲಿ ಅದ್ದಿದ ಬೆರಳನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಲ ಎಳೆದೆ. ಮೂರು ಕಿಟಕಿಗೂ ಹಾಗೆಯೇ. ಸಂಜೆಗೆ ಬೆರಳಿನ ಚರ್ಮ ಸುಲಿದಿತ್ತು.

ಪರೀಕ್ಷೆಗೆ ಮೇಕೆಯ ತುಪ್ಪಳದ ಒಂದು ಎಳೆ ಸಾಕು. ಅದಕ್ಕಿಂತ ಹಗುರವಾದದ್ದು ನಮ್ಮೂರಲ್ಲಿಲ್ಲ. ಐಚುರೆಕ್ ಎಳೆಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಚೌಕಟ್ಟಿನ ಸುತ್ತ ನಿಧಾನವಾಗಿ ಒಯ್ದಳು. ಎಳೆ ಅಲುಗಲಿಲ್ಲ. ಎರಡನೆಯ ಕಿಟಕಿಗೂ ಅಲುಗಲಿಲ್ಲ. ಮೂರನೆಯದರ ಹಲಗೆಯ ಕೆಳಗೆ ಬಂದಾಗ ಅವಳು ಉಸಿರು ಬಿಗಿಹಿಡಿದಳು, ನಾನೂ ಹಿಡಿದೆ.

“ಅಲ್ಲಾಡ್ಲಿಲ್ಲ ದೊಡ್ಡಮ್ಮ!”

“ಉಸಿರು ಬಿಡೇ ಹುಡುಗಿ, ಇಲ್ದಿದ್ರೆ ಇಲ್ಲೇ ಈಗ್ಲೇ ಹೆತ್ಬಿಟ್ಟೀಯ.”

ಆ ದಿನ ಸಾಕಿಶಳೂ ಒಳಗೆ ಬಂದು ಎಲ್ಲವನ್ನೂ ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದ್ದು ಒಳಗೆ ಹೋಗಲಿಲ್ಲ. ಬೈಯಲು ಏನೂ ಸಿಗದೆ, “ಅಂಟಿಸೋ ಕಾಗದ ಎಲ್ಲಿ?” ಎಂದಳು. ಅಕ್ಟೋಬರಿನಲ್ಲಿ ಹಿಟ್ಟಿನ ಅಂಟು ಬೇಯಿಸಿ, ಕಾಗದದ ಪಟ್ಟಿ ಹರಿದು, ಕಿಟಕಿಯ ಕದಗಳ ಸಂದಿಗೆಲ್ಲ ಅಂಟಿಸುವುದು ನಮ್ಮಲ್ಲಿ ಪ್ರತಿ ಮನೆಯ ಕೆಲಸ. ವಸಂತ ಬರುವವರೆಗೆ ಆ ಕಿಟಕಿ ತೆಗೆಯುವಂತಿಲ್ಲ. ಅಂಟಿಸದ ಮನೆಯ ಸೊಸೆಯನ್ನು ಸೋಮಾರಿ ಎನ್ನುತ್ತಾರೆ. ಬೇಕೋ ಬೇಡವೋ ಎಂದು ನಾನು ಯೋಚಿಸಲೂ ಇಲ್ಲ. ಸಾಕಿಶ್ ಅಂಟು ತಂದಳು, ಐಚುರೆಕ್ ಪಟ್ಟಿ ಹರಿದಳು, ನನ್ನ ಕೈ ತಾನಾಗಿಯೇ ಅಂಟಿಸುತ್ತ ಹೋಯಿತು. ಬಾಗಿಲಿಗೆ ಕಂಬಳಿಯ ಪರದೆಯನ್ನೂ ಬಿಟ್ಟೆವು. ಒಂದು ನೊಣ ಹೊರಗೆ ಹೋಗಬೇಕೆಂದರೂ ನಮ್ಮನ್ನು ಕೇಳಬೇಕಿತ್ತು.

ಒಲೆಗೆ ಬೆರಣಿ, ಅದರ ಮೇಲೆ ಕಲ್ಲಿದ್ದಲು ಹಾಕಿ ಹೊತ್ತಿಸಿದೆವು. ಉಪ್ಪು ಹಾಕಿದ ಹಾಲಿನ ಚಹಾ, ಸಾಕಿಶ್ ಕರಿದು ತಂದಿದ್ದ ಹಿಟ್ಟಿನ ಬೋರ್ಸೋಕ್ ಮಧ್ಯದಲ್ಲಿಟ್ಟುಕೊಂಡು ಕೂತೆವು. ಕೋಣೆ ಎಷ್ಟು ಬೇಗ ಬಿಸಿಯಾಯಿತೆಂದರೆ ಸಾಕಿಶ್ ಕೋಟು ಬಿಚ್ಚಿದಳು. ನಾನು ಮನಸ್ಸಿನಲ್ಲಿಯೇ ಆ ಖಾಲಿ ಸಾಲನ್ನು ತುಂಬುತ್ತಿದ್ದೆ.

ಎರಡನೆಯ ಬಟ್ಟಲು ಸುರಿಯುವ ಹೊತ್ತಿಗೆ ಒಲೆಯ ಬಾಯಿಂದ ಹೊಗೆ ಸಣ್ಣಗೆ ಹೊರಬಂತು. ಕೊಳವೆಯಲ್ಲಿ ಮಸಿ ಇರಬೇಕು ಎಂದುಕೊಂಡೆ. ಮತ್ತೆ ಬಂತು. ಉರಿ ಮಂಕಾಗಿ, ಹೊಗೆ ನೆಲದ ಮೇಲೆಲ್ಲ ಹರಡಿತು.

“ದೊಡ್ಡಮ್ಮ, ತಲೆ ಭಾರ ಆಗ್ತಿದೆ,” ಎಂದಳು ಐಚುರೆಕ್. ಅವಳ ತುಟಿ ಬೆಳ್ಳಗಾಗಿತ್ತು.

ಕಿಟಕಿಗೆ ಹಾರಿದೆ. ಹಿಡಿ ತಿರುಗಿತು, ಕದ ಬರಲಿಲ್ಲ. ನಾವೇ ಅಂಟಿಸಿದ ಕಾಗದ ಬಿಸಿಗೆ ಒಣಗಿ ಚರ್ಮದಂತಾಗಿತ್ತು. ಉಗುರು ಹಾಕಿದೆ, ಹರಿಯಲಿಲ್ಲ. ಸಾಕಿಶ್ ಪರದೆಯನ್ನು ಕಿತ್ತೆಸೆದು ಬಾಗಿಲು ಒದ್ದಳು. ಇಬ್ಬರೂ ಹುಡುಗಿಯ ತೋಳು ಹಿಡಿದು ಅಂಗಳಕ್ಕೆ ಎಳೆದುತಂದೆವು. ಅವಳು ಬೇಲಿ ಹಿಡಿದು ವಾಂತಿ ಮಾಡಿದಳು. ಆಮೇಲೆ ನಿಧಾನವಾಗಿ ಮುಖಕ್ಕೆ ಬಣ್ಣ ಬಂತು, ಹೊಟ್ಟೆಯ ಮೇಲೆ ಕೈಯಿಟ್ಟು, “ಒದೀತಿದೆ,” ಎಂದಳು.

ಸಾಕಿಶ್ ಸೊಸೆಗೆ ತನ್ನ ಶಾಲು ಸುತ್ತಿ ನನ್ನತ್ತ ತಿರುಗಿದಳು.

“ಇದ್ರೊಳಗೆ ನನ್ ಸೊಸೆ ಹೆರ್ಬೇಕಾ? ಚಳೀಲಿ ಆದ್ರೆ ಒಂದು ಕೂಸು ಹೋಗುತ್ತೆ, ನಿನ್ ಬೆಚ್ಚನೆ ಕೋಣೇಲಿ ತಾಯೀನೂ ಹೋಗ್ತಾಳೆ! ಹಳೇ ಕಿಟಕಿಗೆ ಎಷ್ಟು ಕಾಗದ ಅಂಟಿಸಿದ್ರೂ ಒಲೆಗೆ ಉಸಿರು ಸಿಗ್ತಿತ್ತು. ನಮ್ಮಮ್ಮ ಬೆಳಗ್ಗೆ ಎದ್ದು ಮೊದ್ಲು ಗುಡಾರದ ನೆತ್ತಿ ತೂತಿನ ಮೇಲಿನ ಕಂಬಳಿ ಸರಿಸ್ತಿದ್ಲು, ಆಮೇಲೆ ಬೆಂಕಿ. ನೀನು ಆಕಾಶಕ್ಕೂ ಅಂಟು ಬಳಿದುಬಿಟ್ಟೆ!”

ಅಂಟು ತಂದವಳು ಅವಳೇ. ಅದನ್ನು ನಾನು ಎತ್ತಲಿಲ್ಲ. ಅವಳು ಸಿಟ್ಟಿನಲ್ಲಿ ಹೇಳಿದ್ದರಲ್ಲಿ ನನಗೆ ಬೇಕಾದದ್ದು ಇತ್ತು.

“ಸರಿ. ಒಲೆಗೆ ಉಸಿರು ಕೊಡೋಣ,” ಎಂದೆ.

“ಮತ್ತೇನು, ಒಂದು ಸಂದು ಕಿತ್ತುಬಿಡು. ಮೊದಲಿನ ಹಾಗೆ.”

“ಕೀಳಲ್ಲ. ಕಿಟಕಿಯಿಂದ ಬಂದ ಗಾಳಿ ಮಂಚದ ಮೇಲೆ ಹಾದು ಒಲೆಗೆ ಹೋಗುತ್ತೆ. ಅನೀಪಾಳ ಬೋಗುಣೀಲಿ ಕೆನೆ ಕಟ್ಟಿಸ್ತಿದ್ದದ್ದು ಅದೇ ಗಾಳಿ. ಒಲೆಗೆ ಬೇಕಾದ್ದು ಒಲೆ ಬಾಯಿಗೇ ಹೋಗ್ಲಿ. ಮಂಚದ ಹತ್ರ ಅದಕ್ಕೇನು ಕೆಲ್ಸ?”

“ಹೇಗೆ ಹೋಗುತ್ತೆ? ಟಪಾಲಲ್ಲಿ ಕಳಿಸ್ತೀಯಾ?”

“ಗೋಡೆಗೆ ತೂತು ಹೊಡೀತೀನಿ.”

ತಿಂಗಳಿನಿಂದ ತೂತು ಮುಚ್ಚುತ್ತಿದ್ದವಳು ಈಗ ತೂತು ಹೊಡೆಯುತ್ತೇನೆ ಎಂದರೆ ಯಾರಾದರೂ ಏನೆನ್ನಬೇಕು?

ಮಾರನೆಯ ಬೆಳಗ್ಗೆ ಉಳಿ, ಸುತ್ತಿಗೆ ಹಿಡಿದು ಒಲೆಯ ಹಿಂದೆ, ನೆಲದ ಮಟ್ಟದಲ್ಲಿ ಮಲಗಿಕೊಂಡೇ ಕೊರೆಯಲು ತೊಡಗಿದೆ. ಹಸಿ ಇಟ್ಟಿಗೆ ಮೇಲೆ ಮೆತ್ತಗೆ, ಒಳಗೆ ಕಲ್ಲಿನಂತೆ. ಗೋಡೆ ಒಂದು ಮೊಳಕ್ಕಿಂತ ದಪ್ಪ. ಮಧ್ಯಾಹ್ನಕ್ಕೆ ಉಳಿಯ ತುದಿಯಲ್ಲಿ ಬೆಳಕು ಕಂಡಿತು. ಈಗ ಒಳಗೆ ಕೂರಿಸಲು ಕೊಳವೆ ಬೇಕು. ಇಲ್ಲದಿದ್ದರೆ ಇಲಿ ಗೂಡು ಮಾಡುತ್ತದೆ, ಮಣ್ಣು ಉದುರಿ ಮುಚ್ಚಿಕೊಳ್ಳುತ್ತದೆ. ಮನೆಗೆ ಹೋಗಿ ಚಹಾಕ್ಕೆ ನೀರು ಕಾಯಿಸುವ ನನ್ನ ಸಮೋವರಿನ ಹೊಗೆಕೊಳವೆ ತಂದು ತೂರಿಸಿದೆ. ಅದು ಅರ್ಧ ಗೋಡೆಗಷ್ಟೇ ಸಾಕಾಯಿತು. ಊರಿನಲ್ಲಿ ಅದೇ ಅಳತೆಯದು ಇನ್ನೊಂದೇ ಇತ್ತು. ಅದು ಸಾಕಿಶಳ ತವರಿನಿಂದ ಬಂದದ್ದು, ಹಿತ್ತಾಳೆಯ ಬಳೆಯಿರುವುದು. ಹಬ್ಬಕ್ಕೆ ಕೇಳಿದರೂ ಯಾರಿಗೂ ಕೊಡುತ್ತಿರಲಿಲ್ಲ.

ಕೇಳಲೋ ಬೇಡವೋ ಎಂದು ಮಣ್ಣು ಗುಡಿಸುತ್ತಿದ್ದೆ. ಹಿಂದಿನಿಂದ ಠಣ್ ಎಂದು ಸದ್ದಾಯಿತು. ಸಾಕಿಶ್ ಕೊಳವೆಯನ್ನು ನೆಲಕ್ಕೆ ಹಾಕಿ ನಿಂತಿದ್ದಳು.

“ಕೊಳವೆ ಸಾಲ್ತಿಲ್ಲ ಅಂತ ಐಚುರೆಕ್ ಬಂದು ಹೇಳಿದ್ಲು. ಬಳೆ ಒಳಗಡೆಗೆ ಬರ್ಲಿ, ನೋಡೋರಿಗೆ ಕಾಣ್ಲಿ. ಇನ್ಮೇಲೆ ನಮ್ಮಿಬ್ಬರ ಮನೆಗೂ ಯಾರಾದ್ರೂ ಚಹಾಗೆ ಬಂದ್ರೆ ಗೋಡೆ ತೋರ್ಸೋಣ.”

ಎರಡನ್ನೂ ಒಂದರೊಳಗೊಂದು ಸೇರಿಸಿದೆ. ಹೊರಗಿನ ಬಾಯಿಗೆ ಇಲಿ ಬಾರದಂತೆ ತಂತಿಬಲೆ, ಒಳಗಿನ ಬಾಯಿಗೆ ತಗಡಿನ ಮುಚ್ಚಳ, ಸುತ್ತಲೂ ನೊರೆ, ಮೇಲೆ ಗಾರೆ. ಕೊಳವೆಯ ಬಾಯಿ ಒಲೆಯ ಬೂದಿ ಕಿಂಡಿಗೆ ಎದುರಾಗಿ ಬಂತು. ಕಿಟಕಿಯ ಕದಗಳ ಮೇಲಿನ ಕಾಗದವನ್ನು ಬಿಸಿನೀರು ಬಳಿದು ಬಳಿದು ಪೂರ್ತಿ ಕಿತ್ತೆವು. ಆ ಕದಗಳಿಗೆ ತಮ್ಮದೇ ರಬ್ಬರು ಪಟ್ಟಿಯಿದೆ. ದಿನಾ ಬೆಳಗ್ಗೆ ಒಮ್ಮೆ ತೆಗೆದು ಗಾಳಿಯಾಡಿಸಿ ಮುಚ್ಚಬೇಕು, ಅಷ್ಟೇ.

ಮತ್ತೆ ಒಲೆ ಹೊತ್ತಿಸಿದಾಗ ಐಚುರೆಕಳನ್ನು ಒಳಗೆ ಬಿಡಲಿಲ್ಲ. ಬಾಗಿಲು ಮುಚ್ಚಿ, ತುಪ್ಪಳದ ಎಳೆ ಹಿಡಿದು ನಾನೊಬ್ಬಳೇ ಕೂತೆ. ಕಿಟಕಿಯ ಬಳಿ ಎಳೆ ನೇರವಾಗಿ ತೂಗಿತು. ಮಂಚದ ಬಳಿಯೂ ಹಾಗೆಯೇ. ಕೊಳವೆಯ ಬಾಯಿಗೆ ಒಯ್ದಾಗ ಅದು ಬೆಂಕಿಯ ಕಡೆಗೆ ಚಾಚಿ ನಿಂತಿತು. ಹೊಗೆ ಹಿಂದೆ ಬರಲಿಲ್ಲ. ಕತ್ತಲಾಗುವವರೆಗೆ ಕೂತೆ. ಒಂದು ಸಲವೂ ಬರಲಿಲ್ಲ.

“ರಾತ್ರಿ ನಾನೇ ಇಲ್ಲಿ ಮಲಗ್ತೀನಿ,” ಎಂದೆ.

“ನೀನು ಮಲಗಿ ಬೆಚ್ಚಗಿತ್ತು ಅಂದ್ರೆ ಯಾರು ನಂಬ್ತಾರೆ? ಅಪ್ಪ ಅಮ್ಮನಿಗೆ ತಮ್ಮ ಕೂಸು ಯಾವತ್ತೂ ಚೆಂದಾನೇ. ನಾನೂ ಮಲಗ್ತೀನಿ,” ಎಂದಳು ಸಾಕಿಶ್. ಕಿಟಕಿಯ ಕೆಳಗೆ ಅನೀಪಾಳ ಅದೇ ಬೋಗುಣಿಯಲ್ಲಿ ನೀರು ತುಂಬಿಟ್ಟೆವು.

ಬೆಳಗ್ಗೆ ಕಣ್ಣು ಬಿಟ್ಟಾಗ ಸಾಕಿಶ್ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹೊರಗೆ ಬೇಲಿಯ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿತ್ತು. ಅವಳು ನೀರಿನಲ್ಲಿ ಬೆರಳು ಅದ್ದಿ ಒಂದು ಸುತ್ತು ತಿರುಗಿಸಿದಳು. ಮತ್ತೊಂದು ಸುತ್ತು ತಿರುಗಿಸಿದಳು.

“ಏನು?” ಎಂದೆ.

“ನೀನು ಗೊರಕೆ ಹೊಡೀತೀಯ. ಆ ಡಬ್ಬಿಗಳೇ ಪಾಪ.” ಆಮೇಲೆ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಹೇಳಿದಳು: “ಬರಿ ಹೋಗು ಕಾಗದ. ಒಮುರನ ಲಾರಿ ಇವತ್ತೇ.”

ಮನೆಗೆ ಓಡಿದೆ. ನನ್ನ ವಯಸ್ಸಿಗೆ ಅದು ಓಟವೇ. ಕನ್ನಡಿಯ ಹಿಂದಿನಿಂದ ಕಾಗದ ತೆಗೆದು ಬಿಡಿಸಿದೆ. ಮಡಿಕೆಯ ಮೇಲೆ ಧೂಳು ಕೂತಿತ್ತು. ಖಾಲಿ ಸಾಲಿನಲ್ಲಿ ಬರೆದೆ: ಕೋಣೆ ಬೆಚ್ಚಗಿದೆ, ಬೋಗುಣಿಯಲ್ಲಿ ಕೆನೆ ಕಟ್ಟಲಿಲ್ಲ. ಅಷ್ಟಕ್ಕೆ ಸಾಲು ಮುಗಿಯಿತು. ಆದರೆ ಅಷ್ಟನ್ನೇ ಬರೆದು ಕಳಿಸಿದರೆ ಅರ್ಧ ಸತ್ಯ. ಕಾಗದ ತಿರುಗಿಸಿ ಅಂಚಿನುದ್ದಕ್ಕೂ ಸಣ್ಣಗೆ ಬರೆದೆ: ಒಲೆಯ ಹಿಂದೆ ಗೋಡೆಯಲ್ಲಿ ಕೊಳವೆ ಇದೆ. ಒಲೆ ಹೊತ್ತಿಸುವ ಮೊದಲು ಮುಚ್ಚಳ ತೆಗಿ. ಅದಕ್ಕೆ ಯಾರೂ ಬಟ್ಟೆ ತುರುಕದಂತೆ ನೋಡಿಕೋ, ನಮ್ಮ ಹೆಂಗಸರು ತೂತು ಕಂಡರೆ ಬಿಡುವವರಲ್ಲ. ಕಿಟಕಿಗೆ ಕಾಗದ ಅಂಟಿಸಬೇಡ. ಐಚುರೆಕಳಿಗೆ ಒಮ್ಮೆ ಹೊಗೆ ತಾಗಿತ್ತು, ಬಂದ ಕೂಡಲೇ ಅವಳನ್ನು ನೋಡು.

ಲಾರಿ ಅಂಗಡಿಯ ಮುಂದೆ ಗುರುಗುಟ್ಟುತ್ತ ನಿಂತಿತ್ತು. ಘಾಟಿಯ ಕಡೆ ಮೋಡ ಕೆಳಗಿಳಿದಿತ್ತು. ಒಮುರ್ ಚಕ್ರಕ್ಕೆ ಸರಪಳಿ ಸುತ್ತುತ್ತಿದ್ದ.

“ಬೇಗ ಬುರುಲಕ್ಕ, ಮೇಲೆ ಆಗ್ಲೇ ಬೀಳ್ತಿದೆಯಂತೆ. ಏನು, ಇನ್ನೂ ಡಬ್ಬಿ ಬೇಕಾ?”

“ಡಬ್ಬಿ ಸಾಕು. ಇದು ಅನೀಪಾಗೆ. ಕೈಗೇ ಕೊಡ್ಬೇಕು.”

ಅವನು ಕಾಗದ ನೋಡಿ, ನನ್ನನ್ನು ನೋಡಿದ.

“ಜೂನಿಂದ ಇದೇ ಕಾಗದಾನಾ? ಪ್ರತಿ ಸಲ ಬಂದಾಗ್ಲೂ ಮುಂದಿನ ವಾರ, ಮುಂದಿನ ವಾರ ಅಂತಿದ್ರಿ. ನಾನು ಪ್ರೇಮಪತ್ರ ಇರ್ಬೇಕು, ಮನಸ್ಸು ಗಟ್ಟಿಯಾಗ್ತಿಲ್ಲ ಅಂದ್ಕೊಂಡಿದ್ದೆ.”

“ಗೋಡೆ ಗಟ್ಟಿಯಾಗ್ಬೇಕಿತ್ತು ಕಣಪ್ಪ.”

“ಅವ್ಳು ಬರ್ತೀನಿ ಅಂದ್ರೆ?”

“ಅಂದ್ರೆ ಏನು, ಅದೇ ಲಾರೀಲಿ ಕೂರಿಸ್ಕೊಂಡು ತಿರುಗು. ಘಾಟಿ ಮುಚ್ಚೋಕೆ ಮುಂಚೆ.”

ಒಮುರ್ ಟೋಪಿ ತೆಗೆದು, ಕಾಗದವನ್ನು ಅದರ ಒಳಮಡಿಕೆಯಲ್ಲಿ ಸಿಕ್ಕಿಸಿ ಮತ್ತೆ ತಲೆಗೆ ಒತ್ತಿ ಹಾಕಿಕೊಂಡ. ಲಾರಿ ಹೊರಟಿತು. ಸಾಕಿಶ್ ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಿರಲಿಲ್ಲ. ಲಾರಿ ಸೇತುವೆ ದಾಟಿ, ಮೊದಲ ತಿರುವಿನಲ್ಲಿ ಒಮ್ಮೆ ಹಾರ್ನ್ ಹೊಡೆದು ಮರೆಯಾಗುವವರೆಗೆ ಇಬ್ಬರೂ ನೋಡುತ್ತ ನಿಂತೆವು.